ತಮಾಷೆ ವಿಮರ್ಶೆಗೆ ಮೊದಲು ಸ್ಟಾಪ್‌ವಾಚ್

ಆ್ಯಕ್ಷನ್, ಕಾಮಿಡಿ, ವೈಜ್ಞಾನಿಕ ಕಲ್ಪನೆಯ ಚಿತ್ರಗಳ ಬಗ್ಗೆ ತಮಾಷೆಯಾಗಿ ಬರೆಯಲು ಹೊರಟವರು ಮೊದಲು ಕೈಹಾಕುವುದು ವಿಶೇಷಣಗಳಿಗೆ. ‘ಭಯಂಕರ ಬೋರು’, ‘ತಲೆಬುಡವಿಲ್ಲದ ಕತೆ’, ‘ಲಾಜಿಕ್ಕಿಗೆ ಎಳ್ಳುನೀರು’. ಇದಕ್ಕೆ ಯಾರೂ ನಗುವುದಿಲ್ಲ, ಯಾಕೆಂದರೆ ಯಾವ ಸಿನಿಮಾದ ಹೆಸರು ಹಾಕಿದರೂ ಈ ಸಾಲು ಹೊಂದುತ್ತದೆ. ಆ ಒಂದೇ ಚಿತ್ರಕ್ಕೆ ಅಂಟುವ ಸಾಲು ಬೇಕಾದರೆ ಎಣಿಸಬೇಕು, ಅಳೆಯಬೇಕು. ಹಾಗಾಗಿ ನನ್ನ ಅರ್ಧ ಕೆಲಸ ಲೆಕ್ಕದ ಗುಮಾಸ್ತನದು.

ಚಿತ್ರವನ್ನು ಎರಡು ಸಲ ನೋಡುತ್ತೇನೆ. ಮೊದಲ ಸಲ ಪೆನ್ನು ಮುಟ್ಟುವುದಿಲ್ಲ. ಎಲ್ಲಿ ನಗು ಬಂತು, ಎಲ್ಲಿ ಕೈ ಫೋನಿನತ್ತ ಹೋಯಿತು ಎಂಬುದನ್ನು ಸಿನಿಮಾ ಮುಗಿದ ಕೂಡಲೇ ಗೀಚಿಡುತ್ತೇನೆ, ಅಷ್ಟೆ. ಎರಡನೇ ಸಲ ಕಾಗದದಲ್ಲಿ ಮೂರು ಕಾಲಂ: ಸಮಯ, ತೆರೆಯ ಮೇಲೆ ನಡೆದದ್ದು, ನನ್ನ ಪ್ರಶ್ನೆ. ಮೂರನೆಯದರಲ್ಲಿ ಪ್ರಶ್ನೆಯೇ ಇರಬೇಕು, ಜೋಕು ಬರೆಯಕೂಡದು. ಸಿನಿಮಾ ಓಡುತ್ತಿರುವಾಗಲೇ ಜೋಕು ಹೊಸೆಯುತ್ತ ಕೂತರೆ ಮುಂದಿನ ದೃಶ್ಯ ತಪ್ಪಿಹೋಗುತ್ತದೆ, ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ‘ಬೀಗದ ಕೈ ಎಲ್ಲಿಂದ ಬಂತು?’ ಎಂದು ಎರಡು ಪ್ಯಾರಾ ಗೇಲಿ ಮಾಡಿದ ಮೇಲೆ, ಅದು ಹೀರೋ ಜೇಬಿಗೆ ಬಿದ್ದದ್ದು ಎಷ್ಟನೇ ನಿಮಿಷದಲ್ಲಿ ಎಂದು ಓದುಗರು ತೋರಿಸಿಕೊಟ್ಟರೆ ಉಳಿದ ವಿಮರ್ಶೆಯನ್ನೂ ಯಾರೂ ನಂಬುವುದಿಲ್ಲ.

ಲೆಕ್ಕಕ್ಕೆ ಸಲೀಸಾಗಿ ಸಿಗುವುದು ಆ್ಯಕ್ಷನ್. ರಿವಾಲ್ವರಿನಲ್ಲಿ ಸಾಮಾನ್ಯವಾಗಿ 6 ಗುಂಡು, ಗ್ಲಾಕ್ 17 ಪಿಸ್ತೂಲಿನ ಮಾಮೂಲಿ ಮ್ಯಾಗಜಿನ್‌ನಲ್ಲಿ, ಅಂದರೆ ಗುಂಡು ತುಂಬುವ ಡಬ್ಬಿಯಲ್ಲಿ, 17. ಆದರೆ ಶಾಟ್ ಬದಲಾದ ಗಳಿಗೆಯಲ್ಲಿ ಮ್ಯಾಗಜಿನ್ ಬದಲಿಸಿರಬಹುದು ಎಂಬ ವಾದಕ್ಕೆ ನಿಮ್ಮಲ್ಲಿ ಉತ್ತರ ಇರುವುದಿಲ್ಲ. ಆದ್ದರಿಂದ ಕಟ್ ಇಲ್ಲದ ಒಂದೇ ಶಾಟ್‌ನಲ್ಲಿ ಮಾತ್ರ ಎಣಿಸಿ. ಬಾಂಬಿನ ಗಡಿಯಾರಕ್ಕೂ ಇದೇ ಎಚ್ಚರ ಬೇಕು. ಸ್ಟಾಪ್‌ವಾಚ್ ಒತ್ತಿ ನೋಡಿದರೆ ಬಾಂಬಿನ ಒಂದು ನಿಮಿಷ ನಮ್ಮ ಎರಡು ನಿಮಿಷಕ್ಕೂ ಮೀರುವುದುಂಟು. ಆದರೆ ನಡುನಡುವೆ ಬೇರೆ ಜಾಗದಲ್ಲಿ ಅದೇ ಹೊತ್ತಿಗೆ ನಡೆಯುವುದನ್ನು ತೋರಿಸಿದ್ದರೆ ಅಷ್ಟನ್ನು ಕಳೆಯಲೇಬೇಕು.

‘ಫಾಸ್ಟ್ ಅಂಡ್ ಫ್ಯೂರಿಯಸ್ 6’ (2013) ಚಿತ್ರದ ರನ್‌ವೇ ದೃಶ್ಯವನ್ನೇ ತೆಗೆದುಕೊಳ್ಳಿ. ವಿಮಾನ ಓಡುತ್ತದೆ, ಕಾರುಗಳು ಬೆನ್ನಟ್ಟುತ್ತವೆ, ಹೊಡೆದಾಟ ಹತ್ತು ನಿಮಿಷ ದಾಟುತ್ತದೆ. ವೇಗ ಗಂಟೆಗೆ 180 ಕಿ.ಮೀ. ಎಂದು ಕಡಿಮೆಯೇ ಹಿಡಿಯೋಣ. ಅಂದರೆ ನಿಮಿಷಕ್ಕೆ 3 ಕಿ.ಮೀ., ಹತ್ತು ನಿಮಿಷಕ್ಕೆ 30. ಒಂದೇ ಗಳಿಗೆಯನ್ನು ಬೇರೆ ಬೇರೆ ಕಡೆಯಿಂದ ತೋರಿಸಿದ್ದಾರೆಂದು ಅರ್ಧ ಬಿಟ್ಟುಕೊಟ್ಟರೂ 15 ಉಳಿಯಿತು. ನಾಗರಿಕ ವಿಮಾನ ನಿಲ್ದಾಣಗಳಲ್ಲಿ ಲೋಕದ ಅತಿ ಉದ್ದದ ರನ್‌ವೇಗಳೇ ಐದರಿಂದ ಐದೂವರೆ ಕಿಲೋಮೀಟರ್ ಆಸುಪಾಸು. ಹೀಗೆ ಪ್ರತಿ ಹಂತದಲ್ಲೂ ಸಿನಿಮಾ ಪರವಾಗಿಯೇ ರಿಯಾಯಿತಿ ಕೊಡುತ್ತಾ ಬನ್ನಿ. ಆಗ ಉಳಿಯುವ ಅಂಕಿಯನ್ನು ಅಲ್ಲಗಳೆಯಲು ಯಾರಿಗೂ ಆಗದು. ಆಮೇಲೆ ಒಂದೇ ಸಾಲು ಸಾಕು: ‘ಇನ್ನೊಂದಿಷ್ಟು ಹೊತ್ತು ಹೀಗೇ ಓಡಿದ್ದರೆ ವಿಮಾನ ಹಾರಬೇಕಾಗಿಯೇ ಇರಲಿಲ್ಲ, ನೆಲದ ಮೇಲೆಯೇ ಊರು ಸೇರುತ್ತಿತ್ತು.’

ವೈಜ್ಞಾನಿಕ ಚಿತ್ರಗಳಿಗೆ ಅಳತೆಗೋಲು ಬೇರೆ. ಬಾಹ್ಯಾಕಾಶದಲ್ಲಿ ಸದ್ದು ಕೇಳಿಸುವುದಿಲ್ಲ ಎಂಬ ಟೀಕೆ ಹಳಸಿ ದಶಕಗಳಾದವು. ಭೌತಶಾಸ್ತ್ರದ ಪಾಠ ಒಪ್ಪಿಸುವ ಬದಲು ಆ ಚಿತ್ರ ತಾನೇ ಹಾಕಿಕೊಂಡ ನಿಯಮವನ್ನು ಹಿಡಿಯಿರಿ. ಮೊದಲ ಅರ್ಧ ಗಂಟೆಯೊಳಗೆ ಬಿಳಿ ಕೋಟಿನವರೊಬ್ಬರು ಯಂತ್ರ ಏನು ಮಾಡಬಲ್ಲದು, ಏನು ಮಾಡಲಾರದು ಎಂದು ಹೇಳಿಯೇ ಹೇಳುತ್ತಾರೆ. ಆ ಮಾತನ್ನು ಅಕ್ಷರಶಃ ಬರೆದಿಟ್ಟುಕೊಂಡು ಕ್ಲೈಮ್ಯಾಕ್ಸ್ ಪಕ್ಕದಲ್ಲಿಟ್ಟು ನೋಡಿ. ಭೂಮಿಗೆ ಅಪ್ಪಳಿಸಲಿರುವ ಕ್ಷುದ್ರಗ್ರಹದೊಳಗೆ ಬಾಂಬು ಹೂಳಲು ತೈಲಬಾವಿ ಕೊರೆಯುವವರನ್ನು ಕಳಿಸುವ ‘ಆರ್ಮಗೆಡ್ಡಾನ್’ (1998) ಬಗ್ಗೆ ಬಂದ ಅತ್ಯುತ್ತಮ ಜೋಕು ಯಾವ ವಿಮರ್ಶಕರದ್ದೂ ಅಲ್ಲ. ತೈಲಬಾವಿ ಕೊರೆಯುವವರಿಗೆ ಗಗನಯಾನ ಕಲಿಸುವುದು, ಗಗನಯಾತ್ರಿಗಳಿಗೆ ಕೊರೆಯುವುದನ್ನು ಕಲಿಸುವುದಕ್ಕಿಂತ ಹೇಗೆ ಸುಲಭ ಎಂದು ಡಿವಿಡಿಯ ಕಾಮೆಂಟರಿಯಲ್ಲಿ ಕೇಳಿದವರು ಅದರ ನಟ ಬೆನ್ ಅಫ್ಲೆಕ್. ಅದರಲ್ಲಿ ಬೈಗುಳವಿಲ್ಲ, ವಿಶೇಷಣವೂ ಇಲ್ಲ. ಮೂರನೇ ಕಾಲಂನಲ್ಲಿ ಇರಬೇಕಾದದ್ದು ಇಂಥ ಪ್ರಶ್ನೆ.

ನಿಜಕ್ಕೂ ಕಷ್ಟ ಕೊಡುವುದು ಕಾಮಿಡಿ. ಒಳ್ಳೆಯ ಜೋಕನ್ನು ಮತ್ತೆ ಹೇಳಿದರೆ ಅದು ಸಾಯುತ್ತದೆ, ನೋಡದವರ ಮಜವೂ ಹಾಳು. ನಾನು ಜೋಕು ಬಿಟ್ಟು ಅದರ ಅಂತರ ಬರೆಯುತ್ತೇನೆ: ಬೀಜ ಬಿದ್ದದ್ದು ಎಷ್ಟನೇ ನಿಮಿಷ, ಫಲ ಕೊಟ್ಟದ್ದು ಎಷ್ಟನೆಯದು, ನಡುವೆ ಎಷ್ಟು ಸಲ ನೆನಪಿಸಿದರು. ಬೀಳುವ, ಜಾರುವ ಹಾಸ್ಯವಾದರೆ ಕಟ್‌ಗಳನ್ನು ಎಣಿಸಿ. ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ (1928) ಚಿತ್ರದಲ್ಲಿ ಮನೆಯ ಮುಂಗೋಡೆಯೇ ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಮೇಲೆ ಮಗುಚಿಕೊಳ್ಳುತ್ತದೆ, ಅವರು ನಿಂತ ಜಾಗಕ್ಕೆ ಸರಿಯಾಗಿ ಕಿಟಕಿಯ ಕಂಡಿ ಬರುತ್ತದೆ. ಆಸಾಮಿಯೂ ಗೋಡೆಯೂ ಒಂದೇ ಚೌಕಟ್ಟಿನಲ್ಲಿರುವುದರಿಂದ ಅದು ಇಂದಿಗೂ ನಗಿಸುತ್ತದೆ. ಅದನ್ನೇ ನಾಲ್ಕು ತುಂಡು ಮಾಡಿ, ನಡುವೆ ಗಾಬರಿಗೊಂಡ ಮುಖವೊಂದನ್ನು ಸೇರಿಸಿದರೆ ನಟ ಎಷ್ಟೇ ಗಟ್ಟಿಗನಾದರೂ ನಗು ಸೋರಿಹೋಗುತ್ತದೆ. ತಪ್ಪು ಸಂಕಲನದ್ದು, ಬೈಸಿಕೊಳ್ಳುವವನು ನಟ. ಇನ್ನು, ಕಾಮಿಡಿಯನ್ನು ಒಬ್ಬರೇ ಕೂತು ನೋಡಿ ಅಂಕ ಕೊಡಬೇಡಿ.

ಬರೆಯುವಾಗ ಅಂಕಿ ಮೊದಲು, ಕುಟುಕು ಕೊನೆಗೆ. ‘ಹೀರೋ ಗುಂಡು ಮುಗಿಯುವುದೇ ಇಲ್ಲ, ಹಾಸ್ಯಾಸ್ಪದ’ ಎನ್ನುವುದು ಚಪ್ಪೆ. ‘ಆರು ಗುಂಡಿನ ರಿವಾಲ್ವರಿನಿಂದ ಹೀರೋ ಒಂಬತ್ತು ಹಾರಿಸುತ್ತಾನೆ. ಹತ್ತನೆಯದಕ್ಕೆ, ಪಾಪ, ಖಾಲಿ. ಎದುರಿಗೆ ಬಂದವನು ಮೇನ್ ವಿಲನ್ ಅಲ್ಲವೇ’ ಎಂದರೆ ಓದುಗ ತಾನೇ ನಗುತ್ತಾನೆ. ಒಂದು ಪ್ಯಾರಾಗೆ ಇಂಥದ್ದು ಒಂದೇ ಇರಲಿ, ಎರಡನೆಯದು ಮೊದಲನೆಯದನ್ನು ನುಂಗುತ್ತದೆ. ನಟರ ಮೈಕಟ್ಟು, ಬಣ್ಣ, ವಯಸ್ಸಿನ ಮೇಲಿನ ಜೋಕುಗಳನ್ನು ನಾನು ಮುಟ್ಟುವುದಿಲ್ಲ. ಅದಕ್ಕೆ ಸಿನಿಮಾ ನೋಡಬೇಕಾದ ಅಗತ್ಯವೇ ಇಲ್ಲವಲ್ಲ.

ಪ್ರಕಟಿಸುವ ಮುನ್ನ ಯಾವ ಆವೃತ್ತಿ ನೋಡಿದಿರಿ ಎಂದು ಒಂದು ಸಾಲು ಹಾಕಿ. ಥಿಯೇಟರ್ ಆವೃತ್ತಿಗೂ ನಿರ್ದೇಶಕರ ಆವೃತ್ತಿಗೂ ನಿಮಿಷಗಳು ತಾಳೆಯಾಗುವುದಿಲ್ಲ. ಪಾಲ್ ಎಂಬ ಟೀವಿ ಪದ್ಧತಿಗೆ ಹೊಂದಿಸಿದ ಹಳೆಯ ಡಿವಿಡಿಗಳದ್ದು ಇನ್ನೊಂದು ತರಲೆ. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು ಅವು 25ರಲ್ಲಿ ಓಡಿಸುವುದರಿಂದ ಎಲ್ಲವೂ ಸುಮಾರು ಶೇ. 4ರಷ್ಟು ಬೇಗ ಮುಗಿಯುತ್ತದೆ, ಬಾಂಬಿನ ಕೊನೆಯ ನಿಮಿಷವೂ ಸೇರಿ.