ತುಂಬಿದ ಡಿಕ್ಕಿಯ ಲೆಕ್ಕ: ರಸ್ತೆಯಲ್ಲಿ ಓಡುವ ವೇಗದ ಕಾರಿನ ಹಿಂಬದಿ ಸಸ್ಪೆನ್ಷನ್ ಹೊಂದಿಸುವ ಕ್ರಮ

ತುಮಕೂರಿನಿಂದ ದೇವರಾಯನದುರ್ಗಕ್ಕೆ ಒಬ್ಬರೇ ಕೂತು ಓಡಿಸಿದಾಗ ಹೇಳಿದಂತೆ ಕೇಳುವ ಕಾರು, ಅದೇ ವಾರ ತಿಪಟೂರು ಕಡೆಯ ಊರಿನಿಂದ ನಾಲ್ಕು ಜನರನ್ನೂ ಒಂದು ಮೂಟೆ ತೆಂಗಿನಕಾಯಿಯನ್ನೂ ಹೊತ್ತು ಬರುವಾಗ ಪ್ರತಿ ಹಂಪಿನಲ್ಲೂ ಹಿಂಭಾಗವನ್ನು ದಡ್ ಎಂದು ಬಡಿಸಿಕೊಳ್ಳುತ್ತಿದ್ದರೆ, ಅದರ ಹಿಂಬದಿ ಸಸ್ಪೆನ್ಷನ್ ಅರ್ಧ ಮಾತ್ರ ಹೊಂದಿಕೆಯಾಗಿದೆ ಎಂದೇ ನಾನು ಹೇಳುತ್ತೇನೆ. ಮುಂದಿನ ಚಕ್ರಗಳ ಮೇಲಿನ ಭಾರದಲ್ಲಿ ದೊಡ್ಡ ಪಾಲು ಎಂಜಿನ್ನಿನದು, ಅದು ಹೆಚ್ಚು ಬದಲಾಗುವುದಿಲ್ಲ. ಹಿಂದಿನ ಚಕ್ರಗಳ ಮೇಲಿನ ಭಾರವಾದರೋ ಹಿಂದಿನ ಸೀಟಿನಲ್ಲಿ ಎಷ್ಟು ಜನ, ಡಿಕ್ಕಿಯಲ್ಲಿ ಏನಿದೆ ಎಂಬುದಕ್ಕೆ ತಕ್ಕಂತೆ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಆದ್ದರಿಂದ ರಸ್ತೆಯ ಕಾರಿನಲ್ಲಿ ಗಟ್ಟಿತನದ ಮಾತಿಗಿಂತ ಮೊದಲು, ಚಕ್ರಕ್ಕೆ ಮೇಲೆ ಕೆಳಗೆ ಆಡಲು ಎಷ್ಟು ಜಾಗವಿದೆ ಎಂಬುದನ್ನು ತುಂಬಿದ ಕಾರಿನಲ್ಲಿ ಅಳೆಯಬೇಕು. ಕೆಳಗೆ ಹೇಳುವ ಕ್ರಮವೆಲ್ಲ ಈ ಒಂದು ಅಳತೆಯನ್ನೇ ಆಧರಿಸಿದೆ.

ನಾನು ಕೆಲಸ ಮಾಡಿರುವುದು ನನ್ನ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಮೇಲೆ. ಅದರ ಹಿಂಬದಿಯಲ್ಲಿರುವುದು ಟ್ವಿಸ್ಟ್ ಬೀಮ್, ಅಂದರೆ ಎರಡು ಉದ್ದನೆಯ ತೋಳುಗಳನ್ನು ಒಂದು ಅಡ್ಡ ಉಕ್ಕಿನ ತೊಲೆ ಬೆಸೆದಿರುವ ರಚನೆ. 1974ರ ಗಾಲ್ಫ್‌ನಲ್ಲಿ ಇದನ್ನು ಬಳಸಿದ ಮೇಲೆ ಸಣ್ಣ ಕಾರುಗಳಲ್ಲಿ ಇದೇ ಬಹುಮಟ್ಟಿಗೆ ರೂಢಿಯಾಯಿತು. ನಮ್ಮಲ್ಲಿ ಓಡುವ ಸ್ವಿಫ್ಟ್, ಐ20 ಎನ್ ಲೈನ್, ಅಬಾರ್ತ್ ಪುಂಟೋ ಎಲ್ಲವುದರ ಹಿಂಬದಿಯೂ ಇದೇ ಜಾತಿಯದು. ಕಾರು ತಿರುವಿನಲ್ಲಿ ವಾಲಿದಾಗ ಅಡ್ಡ ತೊಲೆ ತಿರುಚಿಕೊಂಡು ವಾಲುವಿಕೆಯನ್ನು ತಡೆಯುತ್ತದೆ, ಎರಡೂ ಚಕ್ರಗಳು ಒಟ್ಟಿಗೆ ಹಂಪ್ ಏರಿದಾಗ ಮಾತ್ರ ಅದು ಸುಮ್ಮನಿರುತ್ತದೆ. ಹೀಗಾಗಿ ನಮ್ಮ ಕೈಗೆ ಸಿಗುವುದು ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ (ಸ್ಪ್ರಿಂಗಿನ ಕುಣಿತವನ್ನು ತಗ್ಗಿಸುವ ಎಣ್ಣೆಯ ಕೊಳವೆ, ಮುಂದೆ ಬರೀ ಶಾಕ್), ಬಂಪ್ ಸ್ಟಾಪ್ (ಚಕ್ರ ಪೂರ್ತಿ ಮೇಲೆದ್ದಾಗ ತಗಲುವ ಮೆತ್ತೆ), ಎತ್ತರ, ಬುಷ್ (ಕೀಲಿನಲ್ಲಿ ಕೂರುವ ರಬ್ಬರ್ ಬಳೆ) ಮತ್ತು ಚಕ್ರದ ಕೋನ ಇಷ್ಟೇ. ಆಕ್ಟೇವಿಯಾದ ಈಚಿನ ಆರ್‌ಎಸ್ ಮಾದರಿಯಂತೆ ಹಿಂದೆ ಬಿಡಿ ಲಿಂಕುಗಳಿರುವ ಕಾರಾದರೆ ಕೋನ ಹೊಂದಿಸುವ ಬೋಲ್ಟುಗಳು ಹೆಚ್ಚಿಗೆ ಸಿಗುತ್ತವೆ, ಕ್ರಮ ಮಾತ್ರ ಬದಲಾಗುವುದಿಲ್ಲ.

ಹೊಸ ಭಾಗಗಳಿಗೆ ಹಣ ಹಾಕುವ ಮುನ್ನ ಹಳೆಯವು ಸರಿಯಾಗಿವೆಯೇ ಎಂದು ನೋಡಿ. ಶಾಕ್‌ನ ಮೈಮೇಲೆ ಎಣ್ಣೆ ಜಿನುಗಿದ್ದರೆ, ತೋಳುಗಳ ಮುಂದಿನ ದೊಡ್ಡ ಬುಷ್‌ಗಳ ರಬ್ಬರ್ ಸೀಳಿದ್ದರೆ, ಟೈರ್ ಒಂದು ಬದಿಯಲ್ಲಿ ಮಾತ್ರ ಸವೆದಿದ್ದರೆ, ಅವನ್ನು ಸರಿಪಡಿಸದೆ ಮುಂದಿನ ಯಾವ ಅಳತೆಯನ್ನೂ ನಂಬುವಂತಿಲ್ಲ.

ನಂತರ ತೂಕ. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ಲಾರಿಗಳು ತೂಕ ಹಾಕಿಸುವ ವೇಬ್ರಿಡ್ಜ್‌ಗೆ ಕಾರನ್ನು ತೆಗೆದುಕೊಂಡು ಹೋಗಿ, ಅರ್ಧ ಟ್ಯಾಂಕ್ ಪೆಟ್ರೋಲ್, ಸ್ಟೆಪ್ನಿ ಮತ್ತು ಚಾಲಕನ ಸಮೇತ ಹಿಂದಿನ ಎರಡು ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ತೂಕ ಹಾಕಿಸಿ. ತಟ್ಟೆಯೂ ಅದರ ಮುಂದಿನ ನೆಲವೂ ಒಂದೇ ಮಟ್ಟದಲ್ಲಿರಬೇಕು. ಮರುದಿನ ಮನೆಯ ಮುಂದೆ ಸಮತಟ್ಟಾದ ಜಾಗದಲ್ಲಿ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ಎರಡೂ ಬದಿಯಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕವನ್ನು ಕೆಡಿಸುತ್ತದೆ.

ಸ್ಪ್ರಿಂಗ್ ಎಷ್ಟು ಗಟ್ಟಿ ಎಂದು ಪೆಟ್ಟಿಗೆಯ ಮೇಲೆ ಬರೆದಿರುವ ಸಂಖ್ಯೆ ಸ್ಪ್ರಿಂಗಿನದೇ ಹೊರತು ಚಕ್ರದ್ದಲ್ಲ. ಟ್ವಿಸ್ಟ್ ಬೀಮ್‌ನಲ್ಲಿ ಸ್ಪ್ರಿಂಗ್ ಚಕ್ರದ ಗೆರೆಗಿಂತ ಮುಂದೆ ಕೂತಿದ್ದರೆ ಚಕ್ರಕ್ಕೆ ತಲುಪುವ ಗಟ್ಟಿತನ ಅದಕ್ಕಿಂತ ಕಡಿಮೆಯಾಗುತ್ತದೆ. ಇದನ್ನು ಕಂಡುಹಿಡಿಯಲು ನನಗೆ ಬಹಳ ಉಪಯೋಗಕ್ಕೆ ಬಂದದ್ದು ಎರಡು ಸಿಮೆಂಟ್ ಚೀಲಗಳು. ಒಂದೊಂದು ಚೀಲ 50 ಕಿಲೋ. ಹಿಂದಿನ ಸೀಟನ್ನು ಮಡಚಿ, ಹಿಂದಿನ ಚಕ್ರಗಳ ಗೆರೆಯ ನೇರಕ್ಕೆ ಅವನ್ನು ಅಕ್ಕಪಕ್ಕ ಇಡಿ. ಡಿಕ್ಕಿಯ ತುದಿಯಲ್ಲಿಟ್ಟರೆ ಹಿಂದಿನ ಚಕ್ರಗಳಿಗೆ 100 ಕಿಲೋಗಿಂತ ಹೆಚ್ಚು ಬೀಳುತ್ತದೆ. ಕಾರಿನ ಹಿಂಭಾಗವನ್ನು ಒಂದೆರಡು ಸಲ ಒತ್ತಿ ಕುಲುಕಿಸಿ, ಬುಷ್‌ಗಳ ಬಿಗಿತ ಬಿಟ್ಟ ಮೇಲೆ ಮತ್ತೆ ಎತ್ತರವನ್ನು ಅಳೆಯಿರಿ. ಚಕ್ರವೊಂದಕ್ಕೆ 50 ಕಿಲೋ, ಅಂದರೆ ಸುಮಾರು 490 ನ್ಯೂಟನ್ ಬಿದ್ದಾಗ ಕಾರು 20 ಮಿಲಿಮೀಟರ್ ಇಳಿಯಿತೆಂದರೆ, ಚಕ್ರದ ಗಟ್ಟಿತನ ಮಿಲಿಮೀಟರಿಗೆ ಸುಮಾರು 24.5 ನ್ಯೂಟನ್ ಆಯಿತು.

ಈ ಸಂಖ್ಯೆ ಕೈಗೆ ಬಂದರೆ ಉಳಿದದ್ದು ಸರಳ ಲೆಕ್ಕ. ಹಿಂದಿನ ಆಕ್ಸಲ್ ತೂಕ 460 ಕಿಲೋ ಬಂದಿದೆ ಎಂದುಕೊಳ್ಳೋಣ. ಚಕ್ರಕ್ಕೆ 230 ಕಿಲೋ. ಅದರಲ್ಲಿ ಟೈರು, ರಿಮ್, ಬ್ರೇಕ್, ಬೀಮ್‌ನ ಪಾಲು ಸೇರಿ ಸುಮಾರು 35 ಕಿಲೋ ಸ್ಪ್ರಿಂಗಿನ ಕೆಳಗಿನದು, ಅದನ್ನು ಕಳೆದರೆ ಸ್ಪ್ರಿಂಗ್ ಹೊರುವುದು 195 ಕಿಲೋ. ಮೀಟರಿಗೆ 24,500 ನ್ಯೂಟನ್ ಎಂಬ ಗಟ್ಟಿತನವನ್ನು 195ರಿಂದ ಭಾಗಿಸಿ, ವರ್ಗಮೂಲ ತೆಗೆದು, 0.159ರಿಂದ ಗುಣಿಸಿದರೆ 1.78 ಬರುತ್ತದೆ. ಅಂದರೆ ಹಿಂಭಾಗ ಸೆಕೆಂಡಿಗೆ 1.78 ಸಲ ತೂಗುವ ಸ್ವಭಾವ ಹೊಂದಿದೆ. ಮನೆಮಂದಿಯ ಸಾಮಾನ್ಯ ಕಾರುಗಳಲ್ಲಿ ಇದು 1ರಿಂದ 1.5ರ ನಡುವೆ ಇರುತ್ತದೆ. ರಸ್ತೆಯ ಚುರುಕು ಕಾರಿಗೆ 1.5ರಿಂದ 2ರವರೆಗೆ ಒಪ್ಪುತ್ತದೆ. 2 ದಾಟಿದ ಮೇಲೆ ಅದು ರೇಸ್ ಟ್ರ್ಯಾಕಿನ ಕಡೆಗೆ ವಾಲಿದ ಕಾರು, ಪಾವಗಡ ರಸ್ತೆಯಲ್ಲಿ ದಿನವೂ ಓಡಿಸುವವರಿಗೆ ಅದನ್ನು ನಾನು ಹೇಳಲಾರೆ.

ಈಗ ಭಾರ ಹೇರಿ ನೋಡಿ. ಹಿಂದಿನ ಸೀಟಿನವರೂ ತೆಂಗಿನಕಾಯಿಯ ಮೂಟೆಯೂ ಸೇರಿ ಹಿಂದಿನ ಆಕ್ಸಲ್ ಮೇಲೆ 150 ಕಿಲೋ ಹೆಚ್ಚಿಗೆ ಬಿದ್ದರೆ ಚಕ್ರಕ್ಕೆ 75 ಕಿಲೋ; ಮೇಲಿನ ಗಟ್ಟಿತನಕ್ಕೆ ಕಾರು 30 ಮಿಲಿಮೀಟರ್ ಕುಸಿಯುತ್ತದೆ. ಮಿಲಿಮೀಟರಿಗೆ 18 ನ್ಯೂಟನ್ನಿನ ಮೆತ್ತನೆಯ ಸ್ಪ್ರಿಂಗಾದರೆ ಕುಸಿತ 41 ಮಿಲಿಮೀಟರ್. ನಿಂತ ಕಾರಿನಲ್ಲಿ ಬಂಪ್ ಸ್ಟಾಪ್ ತಗಲುವವರೆಗೆ 60 ಮಿಲಿಮೀಟರ್ ಜಾಗವಿತ್ತೆಂದೂ, ಚೆಂದ ಕಾಣಲೆಂದು ನೀವು ಕಾರನ್ನು 25 ಮಿಲಿಮೀಟರ್ ತಗ್ಗಿಸಿದಿರೆಂದೂ ಭಾವಿಸಿ. ಉಳಿದದ್ದು 35, ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲೂ ಭಾರಕ್ಕೆ 30 ಹೋಯಿತು, ಹಂಪಿಗೆ ಸಿಗುವುದು 5 ಮಿಲಿಮೀಟರ್ ಮಾತ್ರ. ಗಟ್ಟಿ ಸ್ಪ್ರಿಂಗಿನಿಂದ ಕಾರು ಬಡಿಯುತ್ತಿದೆ ಎಂದು ಬೈಯುವ ಬಹಳಷ್ಟು ಜನರ ಕಾರಿನಲ್ಲಿ ಬಡಿಯುತ್ತಿರುವುದು ವಾಸ್ತವವಾಗಿ ಬಂಪ್ ಸ್ಟಾಪ್. ಆದ್ದರಿಂದ ತುಂಬಿದ ಕಾರಿನಲ್ಲೂ ಕನಿಷ್ಠ 25 ಮಿಲಿಮೀಟರ್ ಖಾಲಿ ಜಾಗ ಉಳಿಯುವ ಎತ್ತರಕ್ಕಿಂತ ಕೆಳಗೆ ಹೋಗಬಾರದೆಂಬುದು ನಾನು ಇಟ್ಟುಕೊಂಡಿರುವ ಮಿತಿ. ಬಂಪ್ ಸ್ಟಾಪನ್ನು ಕತ್ತರಿಸಿ ಜಾಗ ಮಾಡಿಕೊಳ್ಳುವವರಿದ್ದಾರೆ, ಅದು ತಪ್ಪು. ಒಳ್ಳೆಯ ಬಂಪ್ ಸ್ಟಾಪ್ ತಾನೇ ಒಂದು ಸ್ಪ್ರಿಂಗ್, ಒತ್ತಿದಷ್ಟೂ ಗಟ್ಟಿಯಾಗುತ್ತಾ ಹೋಗಿ ಶಾಕ್‌ನ ಒಳಭಾಗ ಲೋಹಕ್ಕೆ ಲೋಹ ಬಡಿಯದಂತೆ ಕಾಯುತ್ತದೆ.

ಕಾರಿನ ಹಿಂಭಾಗ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೋ ಆ ಸಂಖ್ಯೆ ಮುಂಭಾಗದ್ದಕ್ಕಿಂತ ಶೇಕಡಾ 10ರಿಂದ 20ರಷ್ಟು ಹೆಚ್ಚಿರಲಿ ಎಂಬ ನಿಯಮದ ಮೂಲ 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿ ಮಾರಿಸ್ ಒಲಿ ನಡೆಸಿದ ಕೆಲಸದಲ್ಲಿದೆ. ಎರಡೂವರೆ ಮೀಟರ್ ಚಕ್ರಾಂತರದ ಕಾರು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಉಬ್ಬೊಂದನ್ನು ದಾಟುವಾಗ ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಸುಮಾರು 0.22 ಸೆಕೆಂಡ್ ಅಂತರ ಬೀಳುತ್ತದೆ. ತಡವಾಗಿ ಕುಣಿಯಲು ಶುರುಮಾಡುವ ಹಿಂಭಾಗ ಸ್ವಲ್ಪ ಬೇಗ ತೂಗಿದರೆ ಮುಂಭಾಗದ ಜೊತೆ ಸೇರಿಕೊಳ್ಳುತ್ತದೆ, ಕಾರು ತೊಟ್ಟಿಲಿನಂತೆ ಹಿಂದೆ ಮುಂದೆ ಹೊಯ್ದಾಡುವುದು ನಿಲ್ಲುತ್ತದೆ. ಇಲ್ಲೂ ಭಾರವನ್ನು ಮರೆಯಬಾರದು. ಖಾಲಿಯಿದ್ದಾಗ 1.78 ಇದ್ದ ನಮ್ಮ ಉದಾಹರಣೆಯ ಕಾರು 150 ಕಿಲೋ ಹೊತ್ತಾಗ 1.5ಕ್ಕೆ ಇಳಿಯುತ್ತದೆ.

ಭಾಗಗಳನ್ನು ಕೊಳ್ಳುವ ಮುನ್ನ ಕಾನೂನನ್ನೂ ನೋಡಿಕೊಳ್ಳಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ನೀವು ಮಾಡಬೇಕೆಂದಿರುವ ಬದಲಾವಣೆಯನ್ನು ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ, ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ.

ಜೋಡಣೆಯಲ್ಲಿ ಪೋಲೋದಂಥ ಕಾರು ಹೆಚ್ಚು ತೊಂದರೆ ಕೊಡುವುದಿಲ್ಲ, ಏಕೆಂದರೆ ಹಿಂದಿನ ಸ್ಪ್ರಿಂಗ್ ಮತ್ತು ಶಾಕ್ ಬೇರೆ ಬೇರೆ ಕೂತಿವೆ. ಮುಂದಿನ ಚಕ್ರಗಳಿಗೆ ಅಡೆಕಲ್ಲು ಕೊಟ್ಟು, ಕಾರಿನ ದೇಹವನ್ನು ಎರಡು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಬೀಮ್‌ಗೆ ಕೆಳಗಿನಿಂದ ಜಾಕ್ ಆಸರೆ ಕೊಟ್ಟು, ಶಾಕ್‌ಗಳ ಕೆಳಗಿನ ಬೋಲ್ಟ್ ಬಿಚ್ಚಿ, ಜಾಕನ್ನು ನಿಧಾನವಾಗಿ ಇಳಿಸಿದರೆ ಸ್ಪ್ರಿಂಗ್ ಸಡಿಲವಾಗಿ ಕೈಗೆ ಬರುತ್ತದೆ. ಬೀಮ್ ಇಳಿಯುವಾಗ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಬಿಗಿಯುತ್ತಿಲ್ಲವೇ ಎಂದು ಒಬ್ಬರು ನೋಡುತ್ತಲೇ ಇರಬೇಕು. ಹೊಸ ಸ್ಪ್ರಿಂಗಿನ ತುದಿ ರಬ್ಬರ್ ಆಸನದ ಗುಣಿಯಲ್ಲಿ ಸರಿಯಾಗಿ ಕೂರಬೇಕು, ಇಲ್ಲವಾದರೆ ಎತ್ತರವೂ ತಪ್ಪುತ್ತದೆ, ಹಂಪ್ ದಾಟಿದಾಗಲೆಲ್ಲ ಟಣ್ ಎಂಬ ಸದ್ದೂ ಬರುತ್ತದೆ.

ಬಹಳ ಕಡೆ ತಪ್ಪುವ ಹೆಜ್ಜೆ ಇದಾದ ಮೇಲೆ ಬರುತ್ತದೆ. ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ನೇತಾಡುತ್ತಿರುವಾಗಲೇ ಅದರ ಬೋಲ್ಟನ್ನು ಬಿಗಿದರೆ, ಕಾರು ನೆಲಕ್ಕೆ ಇಳಿದ ಕ್ಷಣದಿಂದ ಬುಷ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಸೀಳುತ್ತದೆ, ಎತ್ತರವನ್ನೂ ಒಂದಿಷ್ಟು ಸುಳ್ಳು ಮಾಡುತ್ತದೆ. ನನ್ನ ಕಾರಿನ ಬುಷ್‌ಗಳನ್ನು ಒಂದು ಗ್ಯಾರೇಜಿನಲ್ಲಿ ಹೀಗೆಯೇ ಲಿಫ್ಟ್ ಮೇಲೆ ಬಿಗಿದಿದ್ದರು, ಕೆಲವೇ ತಿಂಗಳಲ್ಲಿ ಎರಡೂ ಹರಿದುಹೋದವು. ಹಣಕ್ಕಿಂತ ಹೆಚ್ಚಾಗಿ, ಪಕ್ಕದಲ್ಲೇ ನಿಂತಿದ್ದೂ ನಾನು ಕೇಳದೆ ಹೋದದ್ದು ಇಂದಿಗೂ ನೋಯಿಸುತ್ತದೆ. ಬೋಲ್ಟುಗಳನ್ನು ಸಡಿಲವಾಗಿಟ್ಟು, ಜಾಕ್‌ನಿಂದ ಚಕ್ರದ ನಡುವಿಗೂ ಮಡ್‌ಗಾರ್ಡಿಗೂ ಇರಬೇಕಾದ ಎತ್ತರ ಬರುವವರೆಗೆ ಬೀಮನ್ನು ಎತ್ತಿ, ಅಲ್ಲಿ ತಯಾರಕರು ಹೇಳಿದ ಟಾರ್ಕಿಗೆ ಟಾರ್ಕ್ ವ್ರೆಂಚ್‌ನಿಂದಲೇ ಬಿಗಿಯಿರಿ. ರಬ್ಬರ್ ಬದಲು ಗಟ್ಟಿ ಪಾಲಿಯುರೆಥೇನ್ ಬುಷ್ ಹಾಕುವ ಆಸೆ ಬರುತ್ತದೆ, ಆದರೆ ಬೀಮ್ ತಿರುಚುವಾಗ ಮುಂದಿನ ಬುಷ್ ಹಲವು ದಿಕ್ಕಿಗೆ ಮಣಿಯಲೇಬೇಕಾದ್ದರಿಂದ ರಸ್ತೆಯ ಕಾರಿಗೆ ಹೊಸ ರಬ್ಬರೇ ಸಾಕು.

ಶಾಕ್ ಹೊಂದಿಸುವುದಕ್ಕೆ ಒಂದೇ ರಸ್ತೆಯ ಒಂದೇ ತುಂಡನ್ನು, ಜನಸಂಚಾರವಿಲ್ಲದ ಹೊತ್ತಿನಲ್ಲಿ, ಒಂದೇ ವೇಗದಲ್ಲಿ ಬಳಸಿ. ನಾನು ಊರ್ಡಿಗೆರೆ ಕಡೆಗೆ ಬೆಳಿಗ್ಗೆ ಬೇಗ ಹೋಗುತ್ತೇನೆ. ಶಾಕ್‌ನ ಗಟ್ಟಿತನ ಹೊಂದಿಸುವ ಗುಬುಟನ್ನು ಪೂರ್ತಿ ಮೆತ್ತಗೆ ಮಾಡಿ ಆರಂಭಿಸಿ, ಒಂದು ಸಲಕ್ಕೆ ಎರಡು ಕ್ಲಿಕ್ ಮಾತ್ರ ಗಟ್ಟಿ ಮಾಡುತ್ತಾ, ಪ್ರತಿ ಸಲವೂ ಬರೆದಿಡಿ. ಹಂಪ್ ದಾಟಿದ ಮೇಲೆ ಹಿಂಭಾಗ ಒಮ್ಮೆ ಎದ್ದು ಒಮ್ಮೆಗೇ ನೆಲೆ ನಿಂತರೆ ಅಲ್ಲಿಗೆ ನಿಲ್ಲಿಸಿ. ಎರಡನೆಯ ಸಲವೂ ತೂಗಿದರೆ ಇನ್ನೂ ಬೇಕು. ಅತಿಯಾದರೆ ಅದು ಹಂಪಿಗೆ ಮುಂಚಿನ ಬಿಳಿ ಪಟ್ಟಿಗಳ ಸಾಲಿನಲ್ಲಿ ತಿಳಿಯುತ್ತದೆ: ಒಂದು ಪಟ್ಟಿಗೆ ಮೇಲೆದ್ದ ಚಕ್ರ ಕೆಳಗಿಳಿಯುವಷ್ಟರಲ್ಲಿ ಮುಂದಿನ ಪಟ್ಟಿ ಬರುತ್ತದೆ, ಹೀಗೆ ಕಾರು ಹಂತಹಂತವಾಗಿ ಕುಗ್ಗಿ ಹಂಪಿನ ಹೊತ್ತಿಗೆ ಬಂಪ್ ಸ್ಟಾಪಿನ ಮೇಲೆಯೇ ಕೂತಿರುತ್ತದೆ. ಸ್ಪ್ರಿಂಗ್ ಮೆತ್ತಗಿದೆ ಎಂದು ಭ್ರಮೆ ಹುಟ್ಟಿಸುವ ಲಕ್ಷಣವಿದು. ಪರಿಹಾರವೆಂದರೆ ಎರಡು ಕ್ಲಿಕ್ ಹಿಂದಕ್ಕೆ ಬರುವುದು. ಶಾಕ್‌ನ ಕಂಬಿಗೆ ಒಂದು ಸಣ್ಣ ಕೇಬಲ್ ಟೈ ಕಟ್ಟಿ ಕೆಳಗೆ ತಳ್ಳಿಟ್ಟರೆ, ಓಡಿಸಿ ಬಂದ ಮೇಲೆ ಅದು ನಿಂತ ಜಾಗದಿಂದ ಎಷ್ಟು ಜಾಗ ಬಳಕೆಯಾಯಿತೆಂದು ನೇರವಾಗಿ ಓದಬಹುದು.

ಎತ್ತರ ನೆಲೆ ನಿಂತ ಮೇಲೆ ನಾಲ್ಕೂ ಚಕ್ರ ನೋಡುವ ಯಂತ್ರದಲ್ಲಿ ಅಲೈನ್‌ಮೆಂಟ್ ಮಾಡಿಸಿ. ಹಿಂದಿನ ಚಕ್ರಗಳ ಮುಂಬದಿಯ ಅಂಚುಗಳು ಒಟ್ಟು 0.2 ಡಿಗ್ರಿಯಷ್ಟು ಒಳಮುಖವಾಗಿರಲಿ. 16 ಇಂಚಿನ ರಿಮ್ಮಿನಲ್ಲಿ ಅದು ಸುಮಾರು ಒಂದೂವರೆ ಮಿಲಿಮೀಟರ್. ಹೊರಮುಖವಾದರೆ ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟಾಗ ಹಿಂಭಾಗ ಜಾರಲು ಹೊಂಚು ಹಾಕುತ್ತದೆ. ಕ್ಯಾಂಬರ್ ಋಣ 1ರಿಂದ 1.5 ಡಿಗ್ರಿ, ಅಂದರೆ ಚಕ್ರದ ಮೇಲ್ತುದಿ ಅಷ್ಟು ಒಳಕ್ಕೆ ವಾಲಿದ್ದರೆ ಸಾಕು. ಬೀಮ್‌ನಲ್ಲಿ ಇವನ್ನು ತಿದ್ದಲು ಬೋಲ್ಟ್ ಇಲ್ಲ. ಚಕ್ರದ ಸ್ಟಬ್ ಆಕ್ಸಲ್ (ಚಕ್ರ ಕೂರುವ ಗಿಡ್ಡ ಅಚ್ಚು) ಮತ್ತು ಬೀಮ್ ನಡುವೆ ಓರೆ ಶಿಮ್ (ತೆಳುವಾದ ಬಿಲ್ಲೆ) ಇಡಬೇಕು. ಎರಡು ಬದಿಯ ಸಂಖ್ಯೆಗಳಲ್ಲಿ ದೊಡ್ಡ ವ್ಯತ್ಯಾಸವಿದ್ದರೆ ಶಿಮ್‌ಗೆ ಮುನ್ನ ಬೀಮ್ ಬಾಗಿದೆಯೇ ಎಂದು ನೋಡಿ.

ಹಿಂಬದಿಗೆ ಹೆಚ್ಚುವರಿ ಆ್ಯಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಉಕ್ಕಿನ ಕಂಬಿ) ಸೇರಿಸುವುದು ಎಲ್ಲಕ್ಕಿಂತ ಕೊನೆಯ ಮಾತು. ಮುಂದಿನ ಚಕ್ರಗಳು ಎಳೆಯುವ ಕಾರು ತಿರುವಿನಲ್ಲಿ ಹೊರಕ್ಕೆ ಹೋಗುವುದನ್ನು ಅದು ಕಡಿಮೆ ಮಾಡುವುದು ನಿಜ, ಆದರೆ ಮಳೆಯಲ್ಲಿ ದೇವರಾಯನದುರ್ಗದ ಇಳಿಜಾರಿನ ತಿರುವಿನಲ್ಲಿ ಹಿಂಭಾಗ ತಪ್ಪಿಸಿಕೊಳ್ಳುವಂತೆಯೂ ಮಾಡಬಲ್ಲದು. ಆ ರಸ್ತೆಯಲ್ಲಿ ನರಸಿಂಹಸ್ವಾಮಿಯ ದರ್ಶನಕ್ಕೆ ನಡೆದು ಹೋಗುವವರೂ ಇರುತ್ತಾರೆ. ಹಿಂದಿನ ಟೈರಿನ ಗಾಳಿಯನ್ನು ಒಂದೆರಡು ಪಿಎಸ್‌ಐ ಹೆಚ್ಚು ಕಡಿಮೆ ಮಾಡಿ ನೋಡಿದ ಮೇಲೂ ಬೇಕೆನಿಸಿದರೆ ಮಾತ್ರ ಬಾರ್ ಕಡೆಗೆ ಹೋಗಿ, ಭಾರ ಹೇರಿದಾಗ ತಯಾರಕರು ಬಾಗಿಲಿನ ಚೀಟಿಯಲ್ಲಿ ಕೊಟ್ಟ ಒತ್ತಡಕ್ಕಿಂತ ಕೆಳಗೆ ಹೋಗಬೇಡಿ.

ಹೊಸ ಸ್ಪ್ರಿಂಗ್ ಮೊದಲ 500 ಕಿಲೋಮೀಟರಿನಲ್ಲಿ ಕೆಲವು ಮಿಲಿಮೀಟರ್ ಇಳಿದು ಕೂರುತ್ತದೆ. ಆಗ ಬೋಲ್ಟುಗಳ ಟಾರ್ಕ್, ಎತ್ತರ, ಅಲೈನ್‌ಮೆಂಟ್, ಹೆಡ್‌ಲೈಟಿನ ಗುರಿ ನಾಲ್ಕನ್ನೂ ಮತ್ತೆ ನೋಡಿ. ಬಳಿಕ ಮನೆಯವರನ್ನೆಲ್ಲ ಕೂರಿಸಿಕೊಂಡು, ಡಿಕ್ಕಿ ತುಂಬಿಸಿ, ಗುಬ್ಬಿಯವರೆಗೆ ಒಮ್ಮೆ ಹೋಗಿ ಬಂದು ಕೇಬಲ್ ಟೈ ಎಲ್ಲಿ ನಿಂತಿದೆ ಎಂದು ನೋಡಿ. ಅದು ಬಂಪ್ ಸ್ಟಾಪಿನೊಳಕ್ಕೆ ಆಳವಾಗಿ ಒತ್ತಿಕೊಂಡಿದ್ದರೆ ಕಾರನ್ನು ಇನ್ನು 10 ಮಿಲಿಮೀಟರ್ ಎತ್ತರಿಸಿ, ಅದೇ ದಾರಿಯಲ್ಲಿ ಅದೇ ಭಾರದೊಂದಿಗೆ ಮತ್ತೆ ಹೋಗಿ ಬನ್ನಿ.