ನಾಯಿ ಜೊತೆ ಜರ್ಮನಿಗೆ ಹೊರಟವರಿಗೆ

ಈ ಸಲ ರಜೆಗೆ ಚಿಕ್ಕಬಳ್ಳಾಪುರಕ್ಕೆ ಬಂದಾಗ ಎರಡು ಮನೆಯವರು ಹುಡುಕಿಕೊಂಡು ಬಂದರು. ಒಬ್ಬ ಶಿಡ್ಲಘಟ್ಟದ ಹುಡುಗ, ಬರ್ಲಿನ್‌ನಲ್ಲಿ ಕೆಲಸ ಸಿಕ್ಕಿದೆ. ಇನ್ನೊಂದು ಕೋಲಾರದ ಗಂಡ ಹೆಂಡತಿ. ಕೇಳಿದ್ದು ಒಂದೇ ಮಾತು. "ಅಕ್ಕಾ, ನಿಮ್ಮ ಕೆಂಚನ್ನ ಹೇಗೆ ಕರ್ಕೊಂಡು ಹೋದ್ರಿ?"

ಕೆಂಚ ನಾಟಿ ನಾಯಿ. ನಮ್ಮ ದ್ರಾಕ್ಷಿ ತೋಟದ ಶೆಡ್ಡಿನಲ್ಲಿ ಹುಟ್ಟಿದವನು. ಈಗ ಮ್ಯೂನಿಕ್‌ನಲ್ಲಿ ನಮ್ಮ ಜೊತೆ ಇದ್ದಾನೆ. ಹೇಗೆ ಕರೆದುಕೊಂಡು ಹೋದೆ ಅನ್ನುವುದಕ್ಕಿಂತ ಹೋದ ಮೇಲೆ ಹೇಗೆ ಕಳೆದುಕೊಂಡೆ ಅನ್ನುವುದೇ ನಿಮಗೆ ಜಾಸ್ತಿ ಉಪಯೋಗ. ಅದಕ್ಕೇ ಜಗಲಿ ಮೇಲೆ ಕೂತು ಬರೆಯುತ್ತಿದ್ದೇನೆ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಮೊದಲು ನಾಯಿಯ ಚರ್ಮದಡಿ ಹಾಕುವ 15 ಅಂಕಿಯ ಮೈಕ್ರೋಚಿಪ್. ಆಮೇಲೆ ರೇಬೀಸ್ ಲಸಿಕೆ. ಲಸಿಕೆ ಆಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆಸಿ, ಯುರೋಪಿಯನ್ ಒಕ್ಕೂಟ ಒಪ್ಪಿದ ಲ್ಯಾಬಿಗೆ ಕಳಿಸಬೇಕು. ರಕ್ತದಲ್ಲಿ ರೇಬೀಸ್ ತಡೆಯುವ ಶಕ್ತಿ ಎಷ್ಟಿದೆ ಅಂತ ಅಲ್ಲಿ ನೋಡುತ್ತಾರೆ, ಫಲಿತಾಂಶ ಒಂದು ಮಿ.ಲೀ.ಗೆ 0.5 ಯೂನಿಟ್ ಅಥವಾ ಅದಕ್ಕಿಂತ ಮೇಲೆ ಬರಬೇಕು. ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಬೇಕು. ಕೊನೆಗೆ ಬೆಂಗಳೂರಿನ ಪ್ರಾಣಿ ಕ್ವಾರಂಟೈನ್ ಕಚೇರಿಯ ಸರ್ಟಿಫಿಕೇಟ್. ಯುರೋಪಿನ ಆರೋಗ್ಯ ಪತ್ರಕ್ಕೆ ಸಹಿ ಬಿದ್ದು 10 ದಿನದೊಳಗೆ ಅಲ್ಲಿ ಇಳಿದಿರಬೇಕು. ಪಿಟ್ ಬುಲ್ ಇದ್ದರೆ ಆಸೆ ಬಿಡಿ, ಜರ್ಮನಿ ಆ ಜಾತಿಯನ್ನು ಒಳಗೆ ಬಿಡುವುದಿಲ್ಲ. ಪಗ್ ಥರದ ಚಪ್ಪಟೆ ಮೂತಿಯ ನಾಯಿಗೆ ವಿಮಾನದಲ್ಲಿ ಉಸಿರಾಟದ ಅಪಾಯ ಇದೆ. ಡಾಕ್ಟರ ಹತ್ತಿರ ಮಾತಾಡದೆ ಟಿಕೆಟ್ ಮಾಡಬೇಡಿ. ಯಾವ ನಾಯಿಗೂ ನಿದ್ದೆ ಮಾತ್ರೆ ಕೊಟ್ಟು ಹತ್ತಿಸಬೇಡಿ.

ಚಿಪ್ ಮೊದಲು, ಲಸಿಕೆ ಆಮೇಲೆ. ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ನಾವು ಮೊದಲು ಲಸಿಕೆ ಹಾಕಿಸಿ, ವಾರ ಬಿಟ್ಟು ಚಿಪ್ ಹಾಕಿಸಿದೆವು. ಆ ಲಸಿಕೆ ಲೆಕ್ಕಕ್ಕೇ ಬರಲಿಲ್ಲ. ಎಲ್ಲ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ನಮ್ಮ ವೀಸಾ ಬಂದಿತ್ತು, ಮಗಳ ಶಾಲೆ ಶುರುವಾಗುವುದಿತ್ತು. ಕೆಂಚನನ್ನು ಅಮ್ಮನ ಹತ್ತಿರ ಬಿಟ್ಟು ಹೊರಟೆವು. ನಾಯಿ ಮಾಲೀಕರ ಪ್ರಯಾಣದ 5 ದಿನದ ಅಂತರದಲ್ಲೇ ಬರಬೇಕು ಅನ್ನುವ ನಿಯಮ ಇರುವುದರಿಂದ, ಅವನನ್ನು ಕರೆತರಲು ನಾನು ಮತ್ತೆ ಬರಬೇಕಾಯಿತು. ಆ ನಾಲ್ಕು ತಿಂಗಳು ಅವನು ಗೇಟಿನ ಹತ್ತಿರವೇ ಮಲಗುತ್ತಿದ್ದನಂತೆ. ಅಮ್ಮ ಫೋನಿನಲ್ಲಿ ಇದನ್ನು ಹೇಳಿರಲಿಲ್ಲ. ಬಂದ ಮೇಲೆ ಗೊತ್ತಾಯಿತು.

ಪ್ರಯಾಣದ ಪೆಟ್ಟಿಗೆಯನ್ನು ಎರಡು ತಿಂಗಳು ಮುಂಚೆಯೇ ತಂದು ಹಜಾರದಲ್ಲಿ ಇಡಿ. ಬಾಗಿಲು ತೆಗೆದೇ ಇರಲಿ. ಊಟ ಅದರೊಳಗೇ ಹಾಕಿ. ನಾವು ಮೂರು ದಿನ ಮುಂಚೆ ತಂದೆವು. ಹಗ್ಗ ಕೂಡ ಸರಿಯಾಗಿ ಕಟ್ಟಿಸಿಕೊಂಡು ಗೊತ್ತಿರದ ನಾಯಿಯನ್ನು ಪೆಟ್ಟಿಗೆಗೆ ತಳ್ಳಿ ಬಾಗಿಲು ಹಾಕಿದೆವು. ಅವನು ಬೊಗಳಲಿಲ್ಲ, ಸುಮ್ನೆ ನೋಡಿದ. ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ.

ಈಗ ಮುಖ್ಯ ವಿಷಯ. ನಮ್ಮೂರಲ್ಲಿ ನಾಯಿ ಬಿಟ್ಟೇ ಇರುತ್ತದೆ, ಅಲ್ವಾ? ಬೆಳಿಗ್ಗೆ ಹೋಗುತ್ತದೆ, ಊಟದ ಹೊತ್ತಿಗೆ ಬರುತ್ತದೆ. ಬರದಿದ್ದರೆ ಅಂಗಡಿಯವರೋ ಹಾಲಿನವರೋ "ನಿಮ್ಮ ಕೆಂಚ ಅಲ್ಲಿದ್ದ" ಅಂತ ಹೇಳುತ್ತಾರೆ. ಅವನನ್ನು ಕಾಯುತ್ತಿದ್ದುದು ನಾವಲ್ಲ, ಇಡೀ ಬೀದಿ. ಇದು ನನಗೆ ಅರ್ಥವಾಗಿರಲಿಲ್ಲ. ಅವನು ಜಾಣ, ಎಲ್ಲಿ ಹೋದರೂ ಮನೆಗೆ ಬರುತ್ತಾನೆ ಅಂದುಕೊಂಡಿದ್ದೆ. ಆದರೆ ಮ್ಯೂನಿಕ್‌ನಲ್ಲಿ ಅವನಿಗೆ ಮನೆ ಎಲ್ಲಿತ್ತು? ಬಂದು ಮೂರೇ ದಿನ ಆಗಿತ್ತು.

ಮೂರನೇ ದಿನ ಸಂಜೆ ಕುತ್ತಿಗೆ ಪಟ್ಟಿಗೆ ಒಂದೇ ಹಗ್ಗ ಹಾಕಿ ಹೊರಗೆ ಕರೆದುಕೊಂಡು ಹೋದೆ. ಟ್ರಾಮ್ ಗಂಟೆ ಬಾರಿಸಿತು. ಅವನು ಹಿಂದಕ್ಕೆ ಜಗ್ಗಿದ. ನಾಟಿ ನಾಯಿಗಳ ತಲೆ ಸಣ್ಣದು, ಪಟ್ಟಿ ಕಿವಿ ದಾಟಿ ಸಲೀಸಾಗಿ ಕಳಚಿಕೊಂಡಿತು. ನನ್ನ ಕೈಯಲ್ಲಿ ಖಾಲಿ ಪಟ್ಟಿ. ನಾನು ಕೂಗುತ್ತಾ ಹಿಂದೆ ಓಡಿದೆ. ಅದು ಎರಡನೇ ತಪ್ಪು. ಹೆದರಿದ ನಾಯಿಗೆ ಹಿಂದೆ ಓಡಿ ಬರುವ ಮನುಷ್ಯ, ಸ್ವಂತ ಮನೆಯವಳೇ ಆದರೂ, ಅಟ್ಟಿಸಿಕೊಂಡು ಬರುವವನೇ.

ಮೂರನೇ ತಪ್ಪು ಪೊಲೀಸರಿಗೆ ಹೇಳುವಾಗ ತಿಳಿಯಿತು. ಚಿಪ್ ಅಂದರೆ ಬರೀ ಒಂದು ಸಂಖ್ಯೆ. ಆ ಸಂಖ್ಯೆಯನ್ನು ನಮ್ಮ ಹೆಸರು, ಫೋನಿನ ಜೊತೆ ಎಲ್ಲಾದರೂ ನೋಂದಾಯಿಸಿರಬೇಕು. ನಾವು ಮಾಡಿರಲಿಲ್ಲ. ಯಾರಾದರೂ ಅವನನ್ನು ಹಿಡಿದು ಡಾಕ್ಟರ ಹತ್ತಿರ ಒಯ್ದಿದ್ದರೂ, ಇವನು ಯಾರವನು ಅಂತ ಗೊತ್ತಾಗುತ್ತಿರಲಿಲ್ಲ. ಜರ್ಮನಿಯಲ್ಲಿ ಟಾಸ್ಸೊ ಅಂತ ಸಂಸ್ಥೆ ಇದೆ. ನೋಂದಣಿ ಉಚಿತ. ವಿಮಾನ ಹತ್ತುವ ಮುಂಚೆಯೇ ಅಲ್ಲಿನ ಫೋನ್ ನಂಬರ್ ಕೊಟ್ಟು ನೋಂದಾಯಿಸಿಬಿಡಿ. ಪಟ್ಟಿಗೂ ಅದೇ ನಂಬರ್ ಇರುವ ಬಿಲ್ಲೆ ಹಾಕಿ.

ಎರಡು ರಾತ್ರಿ ಅವನು ಹೊರಗಿದ್ದ. ಮಳೆ ಬೇರೆ. ಕಳೆದುಹೋದ ನಾಯಿಗಳನ್ನು ಹುಡುಕಿ ಅನುಭವ ಇದ್ದ ಒಬ್ಬ ಹೆಂಗಸು ನಮ್ಮ ಜೊತೆ ನಿಂತರು. ಅವರು ಹೇಳಿದ್ದು ಇಷ್ಟೇ. ಕೂಗಬೇಡಿ, ಗುಂಪು ಕಟ್ಟಿಕೊಂಡು ಹುಡುಕಬೇಡಿ. ತಪ್ಪಿಸಿಕೊಂಡ ಜಾಗದಲ್ಲಿ ಊಟ ಇಡಿ, ನೀವು ಉಟ್ಟು ಒಗೆಯದ ಬಟ್ಟೆ ಇಡಿ. ಕಂಡರೆ ಹತ್ತಿರ ಹೋಗಬೇಡಿ.

ಅಲ್ಲಿ ಜನ ಊರಂಚಿನಲ್ಲಿ ಸಣ್ಣ ಸಣ್ಣ ತೋಟ ಬಾಡಿಗೆಗೆ ಹಿಡಿದು ತರಕಾರಿ ಬೆಳೆಯುತ್ತಾರೆ. ಅಂಥ ಒಂದು ತೋಟದ ಗೊಬ್ಬರದ ರಾಶಿಗೆ ಒತ್ತಿಕೊಂಡು ಅವನು ಮಲಗಿದ್ದ. ಊರಲ್ಲೂ ಚಳಿಗಾಲದಲ್ಲಿ ತಿಪ್ಪೆ ಪಕ್ಕ ಬೆಚ್ಚಗೆ ಮಲಗುತ್ತಿದ್ದ. ಆ ದೇಶದಲ್ಲಿ ಅವನಿಗೆ ಗುರುತು ಸಿಕ್ಕ ವಾಸನೆ ಅದೊಂದೇ ಇರಬೇಕು. ಮಗಳು ಅವನಿಗೆ ಬೆನ್ನು ಮಾಡಿ ಒದ್ದೆ ನೆಲದ ಮೇಲೆ ಕೂತಳು. ಮುದ್ದೆ ಮುರಿದು ಪಕ್ಕದಲ್ಲಿಟ್ಟು, ಯಾರ ಹತ್ತಿರವೋ ಮಾತಾಡುವವಳ ಹಾಗೆ ಕನ್ನಡದಲ್ಲಿ ಶಾಲೆಯ ಸುದ್ದಿ ಹೇಳುತ್ತಾ ಹೋದಳು. ಅರ್ಧ ಗಂಟೆಯೇ ಆಗಿರಬೇಕು. ಅವನು ತೆವಳಿಕೊಂಡು ಬಂದು ಅವಳ ಸೊಂಟಕ್ಕೆ ಮೂತಿ ಒತ್ತಿದ.

ಆದ್ದರಿಂದ ಕೇಳಿ. ಎರಡು ಹಗ್ಗ. ಒಂದು ಕುತ್ತಿಗೆ ಪಟ್ಟಿಗೆ, ಇನ್ನೊಂದು ಎದೆ ಪಟ್ಟಿಗೆ. ಎದೆ ಪಟ್ಟಿಯಲ್ಲಿ ಹೊಟ್ಟೆಯ ಹತ್ತಿರ ಇನ್ನೊಂದು ಬೆಲ್ಟ್ ಇರುವುದು ಸಿಗುತ್ತದೆ, ಅದನ್ನೇ ಕೊಳ್ಳಿ, ಹಿಂದಕ್ಕೆ ಜಗ್ಗಿದರೂ ಕಳಚುವುದಿಲ್ಲ. ಹಗ್ಗದ ತುದಿಯನ್ನು ನಿಮ್ಮ ಸೊಂಟಕ್ಕೆ ಕಟ್ಟಿಕೊಳ್ಳಿ. ತಿಂಗಳುಗಟ್ಟಲೆ ಹೀಗೇ ಇರಲಿ. ಡಿಸೆಂಬರ್ 31ರ ರಾತ್ರಿಯಂತೂ ಅಲ್ಲಿ ಬೀದಿ ಬೀದಿಯಲ್ಲಿ ಪಟಾಕಿ, ನಮ್ಮ ದೀಪಾವಳಿಗಿಂತ ಜೋರು. ಕತ್ತಲಾಗುವ ಮುಂಚೆಯೇ ಸುತ್ತಾಡಿಸಿ ಒಳಗೆ ತನ್ನಿ. ಕಿಟಕಿ ಹಾಕಿ, ಜೊತೆಗೆ ಕೂರಿ.

ಇನ್ನು ಊಟ. ಮುದ್ದೆ, ಮೊಸರನ್ನ ಅಲ್ಲಿಯೂ ತಿನ್ನುತ್ತಾನೆ. ರಾಗಿ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಆದರೆ ನಾವು ತಿಂದು ಉಳಿದದ್ದನ್ನು ಹಾಕುವ ಅಭ್ಯಾಸ ಬಿಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ಕೆಟ್ಟದ್ದು. ಬಸ್ಸಾರು, ಹಿದಕಿದ ಬೇಳೆ ಸಾರು ಎರಡೂ ಬೇಡ. ದ್ರಾಕ್ಷಿಯಂತೂ ವಿಷ. ದ್ರಾಕ್ಷಿ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಇದು ಗೊತ್ತಿರಲಿಲ್ಲ. ವರಮಹಾಲಕ್ಷ್ಮಿ ಹಬ್ಬದ ದಿನ ಮಗಳು ಪ್ರೀತಿಯಿಂದ ಅವನಿಗೂ ಒಂದು ಬಟ್ಟಲು ಶಾವಿಗೆ ಪಾಯಸ ಇಟ್ಟಳು, ಒಣದ್ರಾಕ್ಷಿ ಸಮೇತ. ಪಕ್ಕದ ಮನೆಯ ಅಜ್ಜಿ ನೋಡಿ ಗಾಬರಿಯಾಗಿ ಆಸ್ಪತ್ರೆಗೆ ಓಡಿಸಿದರು. ತಕ್ಷಣ ವಾಂತಿ ಮಾಡಿಸಿ, ಎರಡು ದಿನ ಡ್ರಿಪ್ ಹಾಕಿದರು. ಬದುಕಿಕೊಂಡ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಮೂತ್ರಪಿಂಡ ಕೆಡಿಸುತ್ತದೆ ಎಂಬ ಅನುಮಾನವನ್ನು ಅಮೆರಿಕದ ಪಶುವೈದ್ಯರು 2021ರಲ್ಲಿ ಮುಂದಿಟ್ಟರು. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಇದೆ. ತುಮಕೂರು ಕಡೆಯವರು, ನಮ್ಮ ಕಡೆಯವರು ಹುಣಸೆ ಇಲ್ಲದೆ ಸಾರು ಮಾಡುತ್ತೇವಾ? ಹಾಗಾಗಿ ಅವನ ಪಾಲನ್ನು ಮೊದಲೇ ಸಪ್ಪಗೆ ಬೇರೆ ತೆಗೆದಿಡಿ. ಮಕ್ಕಳಿಗೂ ಕೂರಿಸಿಕೊಂಡು ಹೇಳಿ. ನಾನು ಹೇಳಿರಲಿಲ್ಲ, ತಪ್ಪು ಮಗಳದಲ್ಲ. ಎಷ್ಟೋ ವರ್ಷದ ಹಿಂದೆ ನಮ್ಮ ತೋಟದಲ್ಲಿ ಕೆಂಚನ ತಾಯಿ ನಾಲ್ಕು ದಿನ ವಾಂತಿ ಮಾಡಿ ಸತ್ತಿತ್ತು. ಹಾವು ಕಚ್ಚಿರಬೇಕು ಅಂದುಕೊಂಡಿದ್ದೆವು. ಆ ರಾತ್ರಿ ಆಸ್ಪತ್ರೆಯಲ್ಲಿ ಕೂತು ಅದನ್ನೇ ನೆನೆದೆ.

ಉಳಿದದ್ದು ಸಣ್ಣ ಸಂಗತಿ. ಮನೆ ಮಾಲೀಕರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ನಾಯಿ ತೆರಿಗೆ ಕಟ್ಟಿ. ಬರ್ಲಿನ್, ಹ್ಯಾಂಬರ್ಗ್‌ನಲ್ಲಿ ನಾಯಿಯಿಂದ ಬೇರೆಯವರಿಗೆ ಆಗುವ ಹಾನಿಗೆ ವಿಮೆ ಕಡ್ಡಾಯ. ನಾಯಿಯನ್ನು ಹೊರಗೆ ಸಾಕಷ್ಟು ಓಡಾಡಿಸಬೇಕು ಅಂತ ಕಾನೂನೇ ಇದೆ. ಹಿಮ ಬಿದ್ದಾಗ ರಸ್ತೆಗೆ ಉಪ್ಪು ಹಾಕುತ್ತಾರೆ. ಮನೆಗೆ ಬಂದ ತಕ್ಷಣ ಪಾದ ತೊಳೆಯಿರಿ, ಇಲ್ಲದಿದ್ದರೆ ನೆಕ್ಕಿಕೊಳ್ಳುತ್ತದೆ.

ಕರೆದುಕೊಂಡು ಹೋಗಲೇಬೇಕಾ ಅಂತ ಕೋಲಾರದವರು ಕೇಳಿದರು. ನಾಯಿಗೆ ತೀರಾ ವಯಸ್ಸಾಗಿದ್ದರೆ, ಮನೆಯಲ್ಲಿ ಪ್ರೀತಿಯಿಂದ ನೋಡುವವರಿದ್ದರೆ ಬಿಟ್ಟು ಹೋಗಿ ಅಂದೆ. ಅದು ಕೈಬಿಟ್ಟ ಹಾಗಲ್ಲ. ನಮ್ಮ ಮನೆಯಲ್ಲಿ ಮಾತ್ರ ಅವನಿಲ್ಲದೆ ಕನ್ನಡ ಇಷ್ಟು ಉಳಿಯುತ್ತಿರಲಿಲ್ಲ. ಮಗಳು ನನಗೆ ಈಗ ಅರ್ಧ ಜರ್ಮನ್‌ನಲ್ಲಿ ಉತ್ತರ ಕೊಡುತ್ತಾಳೆ. ಕೆಂಚನ ಹತ್ತಿರ ಪೂರ್ತಿ ಕನ್ನಡ. "ಕೂತ್ಕೊಳೋ", "ಬೇಡ ಕಣೋ", "ಯಾಕೋ ಬೇಜಾರು?" ಅವನಿಗೆ ಬೇರೆ ಭಾಷೆ ಬರುವುದಿಲ್ಲವಲ್ಲ ಅನ್ನುತ್ತಾಳೆ. ಪಕ್ಕದ ಮನೆ ಅಜ್ಜಿಯೂ ಅವನನ್ನು "ಬಾರೋ" ಅಂತಲೇ ಕರೆಯುತ್ತಾರೆ.

ನಾಳೆ ರಾತ್ರಿ ನನ್ನ ವಿಮಾನ. ಅಮ್ಮ ಹಿತ್ತಲಿನಲ್ಲಿ ಇಷ್ಟು ದಿನ ಹಾಗೇ ಇಟ್ಟಿದ್ದ, ಕೆಂಚ ಮಲಗುತ್ತಿದ್ದ ಗೋಣಿಚೀಲವನ್ನು ಮಡಿಸಿ ತಂದು ಕೊಟ್ಟಿದ್ದಾಳೆ. ಒಗೆಯಬೇಡ ಅಂದಿದ್ದಾಳೆ.