ಮನೆ ಲೆಕ್ಕದ ಸಾಫ್ಟ್‌ವೇರು ಎಷ್ಟು ದಿನಕ್ಕೊಮ್ಮೆ ಅಪ್‌ಗ್ರೇಡ್ ಮಾಡ್ಬೇಕು? ನನ್ನ ಅನುಭವ

ನಮ್ಮನೆ ಲೆಕ್ಕ ಪೂರ್ತಿ ಗ್ನುಕ್ಯಾಶ್‌ನಲ್ಲಿದೆ. ಫ್ರೀ ಸಾಫ್ಟ್‌ವೇರು, ಡಬಲ್ ಎಂಟ್ರಿ (ಪ್ರತಿ ವ್ಯವಹಾರಾನೂ ಎರಡು ಖಾತೇಲಿ ಬರೆಯೋ ಪದ್ಧತಿ), ನೋಡಕ್ಕೆ ಹಳೇ ಕಾಲದ್ದು ಥರ ಕಾಣುತ್ತೆ, ಲೆಕ್ಕ ಮಾತ್ರ ಪಕ್ಕಾ. ಇದಕ್ಕೆ ಹೆಚ್ಚುಕಮ್ಮಿ ಮೂರು ತಿಂಗಳಿಗೊಂದು ಸಣ್ಣ ವರ್ಷನ್ ಬರ್ತಾನೇ ಇರುತ್ತೆ, ಮುಂದಿನ ದೊಡ್ಡ ನಂಬರು ಬದಲಾಗೋದು ಎರಡು ಮೂರು ವರ್ಷಕ್ಕೊಮ್ಮೆ. 3 ಬಂದಿದ್ದು 2018ರ ಏಪ್ರಿಲ್‌ನಲ್ಲಿ, 4 ಬಂದಿದ್ದು 2020ರ ಜೂನ್‌ನಲ್ಲಿ, 5 ಬಂದಿದ್ದು 2023ರ ಮಾರ್ಚ್‌ನಲ್ಲಿ. ಬಂದಿದ್ದೆಲ್ಲಾ ಹಾಕ್ಕೊಳ್ತಾ ಕೂತ್ರೆ ಲೆಕ್ಕ ಬರೆಯೋದು ಯಾವಾಗ? ನಾನು ವರ್ಷಕ್ಕೊಂದೇ ಸಲ ಮಾಡ್ತೀನಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿ ಕೈ ತೊಳ್ಕೊಂಡ ಮೇಲೆ, ಅಂದ್ರೆ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ. 2025ರಲ್ಲಿ ರಿಟರ್ನ್ ಗಡುವು ಸೆಪ್ಟೆಂಬರ್‌ಗೆ ಹೋಯ್ತಲ್ಲ, ನನ್ನ ಅಪ್‌ಗ್ರೇಡೂ ಅದ್ರ ಹಿಂದೇನೇ ಹೋಯ್ತು.

ಬೆಂಗಳೂರಲ್ಲಿ ಐಟಿ ಕೆಲಸದಲ್ಲಿರೋ ತಮ್ಮನ ಮಗ ಹಬ್ಬಕ್ಕೆ ತುಮಕೂರಿಗೆ ಬಂದಾಗೆಲ್ಲಾ ನನ್ನ ಲ್ಯಾಪ್‌ಟಾಪ್ ನೋಡಿ "ಏನ್ ದೊಡ್ಡಪ್ಪ, ಇನ್ನೂ ಹಳೇದ್ರಲ್ಲೇ ಇದೀರಾ, ಯಾವಾಗ್ಲೂ ಲೇಟೆಸ್ಟ್ ಇರ್ಬೇಕು" ಅಂತಾನೆ. ಅವನ ಕೆಲಸದಲ್ಲಿ ಅದು ಸರಿ ಇರ್ಬೋದಪ್ಪ. ನನ್ನ ಫೈಲ್‌ನಲ್ಲಿರೋದು ಬೇರೆ ಥರದ್ದು. ಗುಬ್ಬಿ ಹತ್ರ ಒಂದಿಷ್ಟು ತೆಂಗಿನ ತೋಟ ಇದೆ, ಕಾಯಿ ಕೀಳಿಸಿದ ಕೂಲಿ ಈ ವರ್ಷ ಖರ್ಚು ಬೀಳುತ್ತೆ, ಆ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿ ಕೊಬ್ಬರಿ ಆಗಿ ತಿಪಟೂರು ಎಪಿಎಂಸಿಗೆ ಹೋಗಿ ದುಡ್ಡಾಗೋದು ಮುಂದಿನ ಲೆಕ್ಕದ ವರ್ಷದಲ್ಲಿ. ಹಾಗಾಗಿ ಯಾವ ಒಂದು ವರ್ಷದ ಲೆಕ್ಕ ನೋಡಿದ್ರೂ ತೋಟ ಲಾಭಾನಾ ನಷ್ಟಾನಾ ಅಂತ ಗೊತ್ತಾಗಲ್ಲ, ನಾಲ್ಕೈದು ವರ್ಷದ್ದು ಒಟ್ಟಿಗೆ ತೆಗೀಬೇಕು. ನನಗೆ ಬೇಕಾಗಿರೋದು ಹೊಸ ಬಟನ್ ಅಲ್ಲ, ಹಳೇ ಎಂಟ್ರಿ ಒಂದೂ ಅಲುಗಾಡದೆ ಇರೋದು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಅಪ್‌ಗ್ರೇಡ್ ಮಾಡ್ಲೇಬೇಕು ಅನ್ಸೋ ಸಂದರ್ಭಗಳಲ್ಲಿ ಬಹಳಷ್ಟಕ್ಕೆ ಅಪ್‌ಗ್ರೇಡೇ ಬೇಕಾಗಿರಲ್ಲ. ಮ್ಯೂಚುಯಲ್ ಫಂಡ್ ಎನ್‌ಎವಿ, ಅಂದ್ರೆ ಒಂದು ಯೂನಿಟ್ಟಿನ ರೇಟು ತಗೊಳ್ಳಿ. ಗ್ನುಕ್ಯಾಶ್‌ನಲ್ಲಿ ಪ್ರತಿ ಫಂಡಿಗೂ ಆಂಫಿ (ಮ್ಯೂಚುಯಲ್ ಫಂಡ್ ಕಂಪನಿಗಳ ಸಂಘ) ಕೊಟ್ಟಿರೋ ಸ್ಕೀಮ್ ಕೋಡ್ ಹಾಕಿಟ್ರೆ ಒಂದೇ ಕ್ಲಿಕ್‌ಗೆ ರೇಟೆಲ್ಲಾ ಇಳಿಯುತ್ತೆ. ಒಂದಿನ ಇದ್ದಕ್ಕಿದ್ದಂಗೆ ನಿಂತೋಗುತ್ತೆ, ಎಲ್ಲಾ ಫಂಡಿಗೂ ಎರರ್. ಆಗ ಎಲ್ರೂ ಮಾಡೋದು ಗ್ನುಕ್ಯಾಶ್ ಹೊಸದು ಹಾಕ್ಕೊಳ್ಳೋದು. ಆದ್ರೆ ರೇಟ್ ತರೋ ಕೆಲಸ ಗ್ನುಕ್ಯಾಶ್ ತಾನೇ ಮಾಡಲ್ಲ, ಫೈನಾನ್ಸ್ ಕೋಟ್ ಅಂತ ಬೇರೇನೇ ಒಂದು ಮಾಡ್ಯೂಲ್ ಇದೆ, ಪರ್ಲ್ ಭಾಷೆಯದ್ದು, ಅದು ಮಾಡೋದು. ರೇಟ್ ಕೊಡೋ ವೆಬ್‌ಸೈಟಿನೋರು ತಮ್ಮ ಪುಟದ ವಿಳಾಸ ಬದಲಾಯಿಸಿದ್ರೆ ಕೆಡೋದು ಅದು. ಅದನ್ನ ಮಾತ್ರ ಹೊಸದು ಮಾಡ್ಕೊಂಡ್ರೆ ಸಾಕು, ಲೆಕ್ಕದ ಫೈಲ್ ಮುಟ್ಟೋ ಅಗತ್ಯಾನೇ ಇಲ್ಲ. ಇದನ್ನ ನಾನು ವರ್ಷದಲ್ಲಿ ಯಾವಾಗ ಬೇಕಾದ್ರೂ ಮಾಡ್ತೀನಿ, ಆಗಸ್ಟ್‌ಗೆ ಕಾಯಲ್ಲ.

ಟ್ಯಾಕ್ಸೂ ಅಷ್ಟೆ. 2024ರ ಜುಲೈ 23ರಿಂದ ಷೇರು ಮತ್ತು ಈಕ್ವಿಟಿ ಫಂಡಿನ ಲಾಂಗ್ ಟರ್ಮ್ (ವರ್ಷಕ್ಕಿಂತ ಜಾಸ್ತಿ ಇಟ್ಕೊಂಡು ಮಾರಿದ್ದರ) ಲಾಭಕ್ಕೆ 10 ಇದ್ದಿದ್ದು 12.5 ಪರ್ಸೆಂಟ್ ಆಯ್ತು, ಶಾರ್ಟ್ ಟರ್ಮ್ 15 ಇದ್ದಿದ್ದು 20 ಆಯ್ತು. ಆಗ ಒಬ್ರು ಸ್ನೇಹಿತರು ಫೋನ್ ಮಾಡಿ "ಸಾರ್, ನಿಮ್ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಅಪ್‌ಡೇಟ್ ಬಂತಾ" ಅಂತ ಕೇಳಿದ್ರು. ಗ್ನುಕ್ಯಾಶ್‌ಗೆ ನಮ್ಮ ದೇಶದ ಟ್ಯಾಕ್ಸ್ ಹಿಂದೇನೂ ಗೊತ್ತಿರ್ಲಿಲ್ಲ, ಈಗ್ಲೂ ಗೊತ್ತಿಲ್ಲ. ನಾನು ಅದೇ ರಿಪೋರ್ಟನ್ನ ಎರಡು ಸಲ ತೆಗೆದೆ, ಏಪ್ರಿಲ್ 1ರಿಂದ ಜುಲೈ 22ರವರೆಗೆ ಒಂದು, 23ರಿಂದ ಮಾರ್ಚ್ 31ರವರೆಗೆ ಇನ್ನೊಂದು, ಮಿಕ್ಕಿದ್ದು ಕ್ಯಾಲ್ಕುಲೇಟರ್ ಕೆಲಸ.

ವ್ಯಾಪಾರ ಮಾಡೋರಿಗೆ ಈ ಮಾತು ಹೇಳಲ್ಲ ನಾನು. ನಮ್ಮ ಭಾವಂದು ಮಂಡಿ ಇದೆ, ಅವ್ರದ್ದು ಟ್ಯಾಲಿ ಅನ್ನೋ ವ್ಯಾಪಾರದ ಲೆಕ್ಕದ ಸಾಫ್ಟ್‌ವೇರು, ಜಿಎಸ್‌ಟಿ ಪೋರ್ಟಲ್‌ನಲ್ಲಿ ರಿಟರ್ನ್ ತುಂಬೋ ರೀತಿ ಬದಲಾದ್ರೆ ಅವ್ರು ಆ ತಿಂಗ್ಳೇ ಬದಲಾಯಿಸ್ಕೊಬೇಕು, ಬೇರೆ ದಾರಿ ಇಲ್ಲ. ಮನೆ ಲೆಕ್ಕಕ್ಕೆ ಆ ಅವಸರ ಇಲ್ಲ.

ಹಾಗಾದ್ರೆ ಯಾಕ್ ಅಪ್‌ಗ್ರೇಡ್, ಹಳೇದ್ರಲ್ಲೇ ಇದ್ಬಿಡ್ಬಹುದಲ್ಲ ಅಂತೀರಾ? ಅದೂ ಆಗಲ್ಲ. ತೀರಾ ಹಿಂದೆ ಬಿದ್ರೆ ಒಂದಿನ ವಿಂಡೋಸ್ ಬದಲಾಗುತ್ತೆ, ಲ್ಯಾಪ್‌ಟಾಪ್ ಕೆಡುತ್ತೆ, ಆಗ ಒಂದೇ ಏಟಿಗೆ ಎರಡು ಮೂರು ತಲೆಮಾರು ದಾಟ್ಬೇಕಾಗುತ್ತೆ. ಮೈಕ್ರೋಸಾಫ್ಟ್ ಮನಿ ಅಂತ ಮನೆ ಲೆಕ್ಕದ ಸಾಫ್ಟ್‌ವೇರು ಒಂದಿತ್ತು, 2009ರ ಜೂನ್ 30ಕ್ಕೆ ಮಾರಾಟ ನಿಲ್ಲಿಸಿದ್ರು, ಆಮೇಲೆ 2010ರಲ್ಲಿ ಸನ್‌ಸೆಟ್ ಅಂತ ಆಕ್ಟಿವೇಶನ್ ಬೇಡದ ಫ್ರೀ ಆವೃತ್ತಿ ಒಂದು ಬಿಟ್ಟಿದ್ರಿಂದ ಅದನ್ನ ನಂಬ್ಕೊಂಡಿದ್ದೋರು ಬಚಾವ್ ಆದ್ರು. ಅಮೆರಿಕದ ಕ್ವಿಕನ್ ಅನ್ನೋ ಲೆಕ್ಕದ ಸಾಫ್ಟ್‌ವೇರಿಂದು ಇನ್ನೊಂದು ಕಥೆ, ಆವೃತ್ತಿಗೆ ಮೂರು ವರ್ಷ ಆದ್ರೆ ಆನ್‌ಲೈನ್ ಸೇವೆ ಬಂದ್ ಮಾಡೋರು, 2018ರ ಆವೃತ್ತಿಯಿಂದ ಚಂದಾನೇ ಆಗೋಯ್ತು, ಅಲ್ಲಿ ಎಷ್ಟು ದಿನಕ್ಕೊಮ್ಮೆ ಅನ್ನೋದು ನಮ್ಮ ಕೈಲೇ ಇಲ್ಲ. ನಮ್ಮ ಕೈಲಿದೆ ಅನ್ನೋದಕ್ಕೇ ನಾನು ಗ್ನುಕ್ಯಾಶ್ ಹಿಡ್ಕೊಂಡಿರೋದು.

ದೊಡ್ಡ ನಂಬರ್ ಬದಲಾದಾಗ ಪಾಯಿಂಟ್ ಸೊನ್ನೆಯನ್ನ (5.0 ಥರದ ಮೊದಲನೇ ವರ್ಷನ್) ನಾನು ಮುಟ್ಟಲ್ಲ. ಮೂರ್ನಾಲ್ಕು ಸಣ್ಣ ವರ್ಷನ್ ಬರ್ಲಿ, ಬೇರೆಯೋರು ಬಗ್ ಹಿಡೀಲಿ, ಆಮೇಲೆ ನೋಡೋಣ. ಭಯ ಬಗ್‌ಗಿಂತ ಜಾಸ್ತಿ ಫೈಲ್‌ದು. ಹೊಸ ವರ್ಷನ್‌ನಲ್ಲಿ ಬಂದ ಸೌಲಭ್ಯ ಒಂದನ್ನ ಬಳಸ್ಬಿಟ್ರೆ ಆ ಗುರುತು ಫೈಲ್ ಒಳಗೆ ಕೂರುತ್ತೆ, ಆಮೇಲೆ ಹಳೇ ವರ್ಷನ್‌ನಲ್ಲಿ ತೆಗೆಯಕ್ಕೆ ಹೋದ್ರೆ ಇದರಲ್ಲಿ ನನಗೆ ಗೊತ್ತಿಲ್ದೆ ಇರೋ ಫೀಚರ್ ಇದೆ ಅಂತ ಮೆಸೇಜ್ ಕೊಟ್ಟು ತೆಗೆಯಕ್ಕೆ ಒಪ್ಪಲ್ಲ. ಇನ್ನೊಂದು ವಿಷಯ ಬಹಳ ಜನ ಗಮನಿಸಲ್ಲ, ಗ್ನುಕ್ಯಾಶ್ ಪ್ರತಿ ಸಲ ಸೇವ್ ಮಾಡಿದಾಗ್ಲೂ ತಾರೀಕು ಗಂಟೆ ಸಮೇತ ಒಂದು ಹಳೇ ಪ್ರತಿ ಪಕ್ಕದಲ್ಲೇ ಇಡುತ್ತೆ, ಆದ್ರೆ ಸೆಟ್ಟಿಂಗ್ ಬದಲಾಯಿಸಿಲ್ಲ ಅಂದ್ರೆ 30 ದಿನ ಆದ್ಮೇಲೆ ತಾನೇ ಅಳಿಸಿ ಹಾಕುತ್ತೆ. ಅಪ್‌ಗ್ರೇಡ್ ತೊಂದರೆ ದೀಪಾವಳಿ ಟೈಮಲ್ಲಿ ಕಣ್ಣಿಗೆ ಬಿದ್ರೆ ಆಗಸ್ಟ್‌ನ ಪ್ರತಿ ಎಲ್ಲಿರುತ್ತೆ? ಅದಕ್ಕೇ ನಾನು ಅಪ್‌ಗ್ರೇಡಿಗೆ ಮುಂಚೆ ಲೆಕ್ಕದ ಫೈಲು, ನಾನೇ ತಿದ್ದಿ ಇಟ್ಕೊಂಡಿರೋ ರಿಪೋರ್ಟ್‌ಗಳ ಫೈಲು (ಇದು ಲೆಕ್ಕದ ಫೈಲ್ ಒಳಗಿರಲ್ಲ, ಬೇರೆ ಫೋಲ್ಡರ್‌ನಲ್ಲಿರುತ್ತೆ), ಜೊತೆಗೆ ಹಳೇ ವರ್ಷನ್‌ದು ಇನ್‌ಸ್ಟಾಲರು, ಮೂರನ್ನೂ ಪೆನ್‌ಡ್ರೈವ್‌ಗೆ ಹಾಕ್ತೀನಿ. ಇನ್‌ಸ್ಟಾಲರ್ ಇಲ್ದೆ ಬರೀ ಫೈಲ್ ಇಟ್ಕೊಂಡ್ರೆ ಅರ್ಧ ಬ್ಯಾಕಪ್ ಅಷ್ಟೆ.

ಹಳೇದ್ರಲ್ಲಿ ಮಾರ್ಚ್ 31ರ ಟ್ರಯಲ್ ಬ್ಯಾಲೆನ್ಸ್ (ಎಲ್ಲಾ ಖಾತೆಗಳ ಬಾಕಿ ಪಟ್ಟಿ) ತೆಗೆದು ಪ್ರಿಂಟ್ ಹಾಕ್ಕೊಂಡು, ಹೊಸದ್ರಲ್ಲಿ ಅಸಲಿ ಫೈಲ್ ಬಿಟ್ಟು ಅದರ ಒಂದು ಕಾಪಿ ಓಪನ್ ಮಾಡಿ, ಅದೇ ತಾರೀಕಿನ ಟ್ರಯಲ್ ಬ್ಯಾಲೆನ್ಸ್ ತೆಗೆದು ಪೈಸೆ ಪೈಸೆ ಹೋಲಿಸ್ತೀನಿ. ಅಷ್ಟೇ ಅಲ್ಲ, ಒಂದು ಎಸ್‌ಐಪಿ (ತಿಂಗಳು ತಿಂಗಳು ಫಂಡಿಗೆ ಕಟ್ಟೋ ಕಂತು) ಖಾತೆ ತೆಗೆದು ಸಾಲು ಸಾಲಾಗಿ ನೋಡ್ತೀನಿ. 2020ರ ಜುಲೈ 1ರಿಂದ ಫಂಡ್ ಖರೀದಿಗೆ 0.005 ಪರ್ಸೆಂಟ್ ಸ್ಟಾಂಪ್ ಡ್ಯೂಟಿ ಇದೆಯಲ್ಲ, 5,000ದ ಎಸ್‌ಐಪಿಗೆ 25 ಪೈಸೆ ಅದಕ್ಕೆ ಹೋಗಿ ಯೂನಿಟ್ ಸಿಗೋದು 4,999.75ಕ್ಕೆ, ಯೂನಿಟ್ಟು ಪಾಯಿಂಟ್ ಆದ್ಮೇಲೆ ಮೂರು ಅಂಕಿ, ಎನ್‌ಎವಿ ನಾಲ್ಕು ಅಂಕಿ. ಸಾಫ್ಟ್‌ವೇರು ರೌಂಡಿಂಗ್‌ನಲ್ಲಿ ಏನಾದ್ರೂ ಎಡವಟ್ಟು ಮಾಡಿದ್ರೆ ಮೊದಲು ಕಾಣೋದು ಇಲ್ಲೇ, ಹಾಲಿನೋನ ಲೆಕ್ಕದಲ್ಲಲ್ಲ. ನಮ್ಮನೆಯವ್ರು "ಇಪ್ಪತ್ತೈದು ಪೈಸೆ ಹಿಡ್ಕೊಂಡು ಇಷ್ಟ್ ಹೊತ್ತಾ?" ಅಂತ ಕಾಫಿ ಇಟ್ಟು ಹೋಗ್ತಾರೆ. ಎರಡೂ ತಾಳೆ ಆದ್ರೆ ಅಸಲಿ ಫೈಲ್ ಹೊಸದ್ರಲ್ಲಿ ತೆಗೀತೀನಿ, ತಾಳೆ ಆಗಿಲ್ಲ ಅಂದ್ರೆ ಹೊಸದನ್ನ ತೆಗೆದು ಹಾಕಿ ಪೆನ್‌ಡ್ರೈವ್‌ನಲ್ಲಿರೋ ಹಳೇದನ್ನ ವಾಪಸ್ ಹಾಕ್ತೀನಿ.

ಫೋನ್ ವಿಷಯಕ್ಕೆ ಬಂದ್ರೆ, ಬ್ಯಾಂಕ್ ಆ್ಯಪು, ಯುಪಿಐ ಆ್ಯಪು ಇವಕ್ಕೆ ಮೇಲಿನದ್ಯಾವ್ದೂ ಅನ್ವಯಿಸಲ್ಲ. ಅವು ದುಡ್ಡು ಕಳಿಸೋವು, ಅಪ್‌ಡೇಟ್ ಬಂದ ದಿನಾನೇ ಹಾಕ್ಬೇಕು, ಅದ್ರಲ್ಲಿ ಯೋಚನೆ ಮಾಡೋದೇನಿಲ್ಲ. ಖರ್ಚು ಬರ್ಕೊಳ್ಳೋ ಆ್ಯಪ್‌ಗೆ ಮಾತ್ರ ಪ್ಲೇಸ್ಟೋರ್‌ನಲ್ಲಿ ಆ ಆ್ಯಪಿನ ಪುಟಕ್ಕೆ ಹೋಗಿ ಮೂರು ಚುಕ್ಕಿ ಒತ್ತಿ ಆಟೋ ಅಪ್‌ಡೇಟ್ ಟಿಕ್ ತೆಗ್ದಿದೀನಿ. ಯಾಕಂದ್ರೆ ಹಿಂದೆ ಬಳಸ್ತಿದ್ದ ಒಂದು ಆ್ಯಪು ರಾತ್ರೋರಾತ್ರಿ ಅಪ್‌ಡೇಟ್ ಆಗಿ, ಫ್ರೀ ಇದ್ದ ಸಿಎಸ್‌ವಿ ಎಕ್ಸ್‌ಪೋರ್ಟು (ಲೆಕ್ಕಾನ ಬೇರೆ ಸಾಫ್ಟ್‌ವೇರಿಗೂ ಓದಕ್ಕಾಗೋ ಫೈಲಾಗಿ ಹೊರಗೆ ತೆಗೆಯೋದು) ಬೆಳಗ್ಗೆ ಎದ್ದು ನೋಡೋ ಹೊತ್ತಿಗೆ ದುಡ್ಡು ಕೊಟ್ರೆ ಮಾತ್ರ ಅಂತಾಗಿತ್ತು. ಈಗ ಇನ್ನೊಂದು ಆ್ಯಪಿದೆ, ಪ್ರತಿ ತಿಂಗಳ ಕೊನೇಲಿ ಸಿಎಸ್‌ವಿ ತೆಗೆದು ಗ್ನುಕ್ಯಾಶ್‌ಗೆ ತುಂಬಿದ ಮೇಲೇನೇ ಅದರ ಅಪ್‌ಡೇಟ್ ಕಡೆ ನೋಡೋದು.